ಸ್ವಂತ ವೆಬ್‌ಸೈಟ್: ಬರೀ ಎಚ್‌ಟಿಎಂಎಲ್ ಸಾಕಾ, ವರ್ಡ್‌ಪ್ರೆಸ್ ಬೇಕಾ?

ವಾರಕ್ಕೊಂದು ಬರಹ ಹಾಕುವವರು, ಮೊಬೈಲಿನಲ್ಲೇ ತಿದ್ದುವವರು ಯೋಚಿಸದೆ ವರ್ಡ್‌ಪ್ರೆಸ್ (ಕೋಡ್ ಬರೆಯದೆ ಸೈಟ್ ನಡೆಸುವ ತಂತ್ರಾಂಶ) ಹಿಡಿಯಿರಿ. ಆದರೆ ನೀವೇ ಸರ್ವರ್‌ನಲ್ಲಿ ಹಾಕಿಕೊಂಡರೆ ಪ್ಲಗಿನ್ (ಹೆಚ್ಚುವರಿ ಸೌಲಭ್ಯ ಕೊಡುವ ತುಣುಕುಗಳು) ಅಪ್‌ಡೇಟ್ ಮಾಡುತ್ತಲೇ ಇರಬೇಕು. ಸೈಟನ್ನು ಅವರೇ ಇಟ್ಟುಕೊಡುವ ವರ್ಡ್‌ಪ್ರೆಸ್ ಡಾಟ್ ಕಾಮ್‌ನ ಉಚಿತ ಪ್ಲ್ಯಾನ್‌ನಲ್ಲಿ ಜಾಹೀರಾತು ಬರುತ್ತದೆ.

ಪರಿಚಯ, ಒಂದಿಷ್ಟು ಬರಹ, ಇಮೇಲ್ ವಿಳಾಸ ಇಷ್ಟೇ ಸಾಕಾದರೆ ಎಚ್‌ಟಿಎಂಎಲ್ (ವೆಬ್ ಪುಟ ಬರೆಯುವ ಭಾಷೆ) ಫೈಲೇ ಚೆನ್ನ. ಇಂಥ ಫೈಲುಗಳನ್ನು ಸೈಟಾಗಿ ತೋರಿಸುವ ಗಿಟ್‌ಹಬ್ ಪೇಜಸ್ ಸೇವೆಯಲ್ಲಿ ಉಚಿತವಾಗಿ ಇಡಬಹುದು. ಕೆಡುವಂಥದ್ದು ಏನೂ ಇಲ್ಲ.

ಎರಡರಲ್ಲೂ ಕನ್ನಡಕ್ಕೆ ಒಂದು ಗಮನ ಬೇಕು. ಇಂಗ್ಲಿಷ್‌ಗೆ ಮಾಡಿದ ಥೀಮ್‌ಗಳಲ್ಲಿ (ಸಿದ್ಧ ವಿನ್ಯಾಸಗಳಲ್ಲಿ) ಸಾಲುಗಳು ಒತ್ತಿಕೊಂಡಿರುತ್ತವೆ, ನಮ್ಮ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ. ಲೈನ್ ಹೈಟ್ (ಅಕ್ಷರದ ಗಾತ್ರಕ್ಕೆ ಹೋಲಿಸಿದ ಸಾಲಿನ ಎತ್ತರ) 1.7ರ ಆಸುಪಾಸು ಇಡಿ. ನೋಟೊ ಸೆರಿಫ್ ಕನ್ನಡ ಫಾಂಟನ್ನು ನಿಮ್ಮ ಸೈಟಿನಲ್ಲೇ ಇಟ್ಟುಕೊಳ್ಳಿ. ಗೂಗಲ್‌ನಿಂದ ನೇರವಾಗಿ ತರಿಸಿದರೆ ಓದುಗರ ಐಪಿ ವಿಳಾಸ (ಇಂಟರ್‌ನೆಟ್‌ನಲ್ಲಿ ಅವರ ಸಂಪರ್ಕದ ಸಂಖ್ಯೆ) ಸುಮ್ನೆ ಅಲ್ಲಿಗೆ ಹೋಗುತ್ತದೆ.

ಇನ್ನು ಹಕ್ಕುನಿರಾಕರಣೆ, ಅಂದರೆ ಡಿಸ್‌ಕ್ಲೇಮರ್, ಮತ್ತು ಅಂಥ ಸೂಚನೆಗಳು. ವರ್ಡ್‌ಪ್ರೆಸ್‌ನಲ್ಲಿ ಕಾಮೆಂಟ್ ತೆರೆದರೆ ಜನರ ಹೆಸರು, ಇಮೇಲ್ ನಿಮ್ಮ ಬಳಿ ಉಳಿಯುತ್ತವೆ, ಅದನ್ನು ಹೇಳುವ ಪುಟ ಬೇಕು. ಬರೀ ಎಚ್‌ಟಿಎಂಎಲ್‌ಗೆ ಒಂದೆರಡು ಸಾಲು ಸಾಕು. ‘ಅಭಿಪ್ರಾಯ ನನ್ನದು, ಕಂಪನಿಯದ್ದಲ್ಲ’ ಅನ್ನುವುದು ಒಳ್ಳೆಯದೇ. ಆದರೆ ಅದನ್ನು ಬರೆದ ಮಾತ್ರಕ್ಕೆ ಆಫೀಸಿನ ಗುಟ್ಟು ಹೊರಹಾಕಬಹುದು ಅಂತಲ್ಲ, ಮಾನಹಾನಿ ಕೇಸೂ ತಪ್ಪುವುದಿಲ್ಲ. ‘ಎಲ್ಲ ಹಕ್ಕು ಕಾಯ್ದಿರಿಸಿದೆ’ ಅಂತ ಹಾಕದಿದ್ದರೂ 1957ರ ಕಾಯ್ದೆಯಂತೆ ಬರೆದ ಕೂಡಲೇ ಕಾಪಿರೈಟ್ ನಿಮ್ಮದೇ. ಬೇರೆಯವರೂ ಬಳಸಲಿ ಅನ್ನಿಸಿದರೆ ಮಾತ್ರ ಕ್ರಿಯೇಟಿವ್ ಕಾಮನ್ಸ್ (ಬಳಕೆಗೆ ಮೊದಲೇ ಅನುಮತಿ ಕೊಡುವ ಸಿದ್ಧ ಪರವಾನಗಿ) ಸಾಲು ಹಾಕಿ. ಒಮ್ಮೆ ಕೊಟ್ಟ ಆ ಅನುಮತಿಯನ್ನು ವಾಪಸ್ ಪಡೆಯಲು ಆಗುವುದಿಲ್ಲ.