ಶ್ರೀಲಂಕಾ ಪ್ಯಾಕೇಜು: ಜನವರಿಗೂ ಜುಲೈಗೂ ಒಂದೇ ಹಾಳೆ

ಮಲ್ಲೇಶ್ವರದಲ್ಲಿ ಕೇಳಿ, ಜಯನಗರದಲ್ಲಿ ಕೇಳಿ, ಶ್ರೀಲಂಕಾ ಎಂದ ಕೂಡಲೇ ಟ್ರಾವೆಲ್ಸ್‌ನವರು ಕೈಗಿಡುವ ಹಾಳೆ ಹೆಚ್ಚುಕಮ್ಮಿ ಒಂದೇ. ಕಟುನಾಯಕ ವಿಮಾನ ನಿಲ್ದಾಣದಲ್ಲಿ ಇಳಿಯುವುದು, ಸಿಗಿರಿಯಾ ಬಂಡೆ ಹತ್ತುವುದು, ಕ್ಯಾಂಡಿಯ ದಂತ ದೇಗುಲ, ನುವರ ಎಲಿಯದ ಟೀ ತೋಟ, ಎಲ್ಲ (ಊರಿನ ಹೆಸರೇ ಅದು), ಯಾಲ ಕಾಡಿನಲ್ಲಿ ಚಿರತೆ, ಗಾಲ್ ಕೋಟೆ, ಕೊಲಂಬೊ, ವಾಪಸ್ಸು. ಆರು ರಾತ್ರಿ, ಏಳು ಹಗಲು. ಇಲ್ಲಿ ನೋಡುತ್ತಿರುವುದು ದಕ್ಷಿಣ ಬೆಂಗಳೂರಿನ ಒಂದು ಏಜೆನ್ಸಿಯ ಇಂಥದೇ ಪ್ಯಾಕೇಜು. ವಿಮಾನ, ತ್ರೀ ಸ್ಟಾರ್ ಹೋಟೆಲು, ಬೆಳಗಿನ ತಿಂಡಿ, ರಾತ್ರಿ ಊಟ, ಎಸಿ ಕಾರು ಎಲ್ಲ ಸೇರಿ ತಲೆಗೆ 60 ಸಾವಿರದ ಆಸುಪಾಸು. ಕೊಟ್ಟ ದುಡ್ಡಿಗೆ ಮೋಸವಿಲ್ಲ: ಕಾರು ಚೆನ್ನಾಗಿದೆ, ಹೋಟೆಲು ಚೊಕ್ಕಟ. ತಕರಾರು ಒಂದೇ. ಜನವರಿಗೆ ಹೋಗುವವರಿಗೂ ಜುಲೈಗೆ ಹೋಗುವವರಿಗೂ ಇದೇ ಹಾಳೆ.

ಅದೇಕೆ ತಪ್ಪು ಅಂದರೆ, ಆ ದೇಶವನ್ನು ಎರಡಾಗಿ ಸೀಳಿರುವುದು ಮಳೆ. ವಿಸ್ತೀರ್ಣ 65,610 ಚದರ ಕಿ.ಮೀ., ನಮ್ಮ ಕರ್ನಾಟಕದ ಮೂರನೇ ಒಂದು ಪಾಲು. ಇಷ್ಟು ಚಿಕ್ಕ ದ್ವೀಪದ ನಡುವೆ, ತುಸು ದಕ್ಷಿಣಕ್ಕೆ, ಬೆಟ್ಟಸಾಲು ನಿಂತಿದೆ. ಅದರ ತುದಿ ಪಿದುರುತಲಗಲ 2,524 ಮೀಟರ್, ಮುಳ್ಳಯ್ಯನಗಿರಿಗಿಂತ ಸುಮಾರು 600 ಮೀಟರ್ ಎತ್ತರ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರು ಕೊಲಂಬೊ, ಗಾಲ್ ಕಡೆ ಸುರಿದು ಬೆಟ್ಟಕ್ಕೆ ಬಡಿದು ನಿಲ್ಲುತ್ತದೆ; ಆಚೆ ಕಡೆ ಒಣಗಿರುತ್ತದೆ. ಆಗುಂಬೆಗೂ ಚಿತ್ರದುರ್ಗಕ್ಕೂ ಇರುವ ವ್ಯತ್ಯಾಸವೇ ಇದು, ಮೂರು ಗಂಟೆ ಕಾರಿನ ದಾರಿಯಲ್ಲಿ. ಡಿಸೆಂಬರ್‌ನಿಂದ ಫೆಬ್ರವರಿಗೆ ಲೆಕ್ಕ ಉಲ್ಟಾ: ಈಶಾನ್ಯ ಮಾರುತದ ಮಳೆ ಪೂರ್ವ ಕರಾವಳಿಯ ಟ್ರಿಂಕೋಮಲಿ, ಬಟ್ಟಿಕಲೋವ ಕಡೆಗೆ, ದಕ್ಷಿಣದ ಕಡಲು ತಿಳಿ. ನಡುವಿನ ಅಕ್ಟೋಬರ್, ನವೆಂಬರ್‌ನಲ್ಲಿ ಎಲ್ಲಿದ್ದರೂ ಮಧ್ಯಾಹ್ನದ ಮೇಲೆ ಗುಡುಗು ಮಳೆ.

ಹಾಗಾಗಿ ಈ ಹಾಳೆ ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಸರಿ. ಜೂನ್, ಜುಲೈಗೆ ಕೊಂಡರೆ ಗಾಲ್‌ನಲ್ಲಿ ಕೊಡೆ ಹಿಡಿದು ಕೋಟೆ ನೋಡಬೇಕು, ದಕ್ಷಿಣ ಕರಾವಳಿಯ ಮಿರಿಸ್ಸದಲ್ಲಿ ತಿಮಿಂಗಿಲ ನೋಡಲು ಹೋಗುವ ದೋಣಿ ಸಿಗುವುದೇ ಕಷ್ಟ. ಅಲ್ಲಿ ನೀಲಿ ತಿಮಿಂಗಿಲದ ಕಾಲ ನವೆಂಬರ್‌ನಿಂದ ಏಪ್ರಿಲ್. ಮಳೆಗಾಲದಲ್ಲಿ ಅದನ್ನು ನೋಡಬೇಕೆಂದರೆ ಟ್ರಿಂಕೋಮಲಿಗೇ ಹೋಗಬೇಕು. ಯಾಲದ ಮುಖ್ಯ ಭಾಗವನ್ನು ಬರಗಾಲದ ಕಾರಣಕ್ಕೆ ಸಾಮಾನ್ಯವಾಗಿ ಸೆಪ್ಟೆಂಬರ್‌ನಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚುತ್ತಾರೆ. ದಸರಾ ರಜೆಗೆ ಹೊರಡುವವರು ಇದನ್ನು ಬುಕಿಂಗ್‌ಗೆ ಮೊದಲೇ ಕೇಳಬೇಕು. ಜುಲೈಗೆ ದಕ್ಷಿಣ ಬಿಟ್ಟು ಪೂರ್ವ ಹಾಕಿಕೊಡಿ ಎಂದರೆ ಕೌಂಟರಿನಲ್ಲಿ ಬರುವ ಉತ್ತರ, "ಅದು ನಮ್ಮ ಇಟಿನರರಿಲಿಲ್ಲ ಸರ್." ಎರಡನೇ ಸಲ ಕೇಳಿದರೆ ಹಾಕಿಕೊಡುತ್ತಾರೆ, ಅದೂ ನಿಜ.

ಪೂರ್ವದ ದಾರಿಯಲ್ಲಿ ಸಿಗುವ ದೊಡ್ಡ ಲಾಭ ಮಿನ್ನೇರಿಯ. ಮೂರನೇ ಶತಮಾನದಲ್ಲಿ ಮಹಾಸೇನ ದೊರೆ ಕಟ್ಟಿಸಿದ ಕೆರೆ ಅದು. ಕೆರೆಗೆ ಸಿಂಹಳದಲ್ಲಿ 'ವೆವ' ಅನ್ನುತ್ತಾರೆ, ಒಣ ಸೀಮೆಯ ನಾಗರಿಕತೆ ನಿಂತಿದ್ದೇ ಅವುಗಳ ಮೇಲೆ. ಜುಲೈನಿಂದ ಅಕ್ಟೋಬರ್‌ವರೆಗೆ ನೀರು ಇಳಿದಂತೆ ಕೆರೆಯಂಗಳದಲ್ಲಿ ಎಳೆ ಹುಲ್ಲು ಏಳುತ್ತದೆ, ಅದಕ್ಕೆ ಆನೆಗಳು ನೂರರ ಲೆಕ್ಕದಲ್ಲಿ ಸೇರುತ್ತವೆ. ಕಬಿನಿ ಹಿನ್ನೀರಿಗೆ ಬೇಸಿಗೆಯಲ್ಲಿ ಆನೆ ಬರುವ ಲೆಕ್ಕವೇ. ಆದರೆ ಮೇಲಿನಿಂದ ನೀರು ಬಿಟ್ಟು ಕೆರೆ ತುಂಬಿದ್ದರೆ ಹುಲ್ಲು ಮುಳುಗುತ್ತದೆ, ಆನೆಗಳು ಪಕ್ಕದ ಕಾವುಡುಲ್ಲ ಅಥವಾ ಹುರುಲು ಕಡೆಗೆ ಹೋಗುತ್ತವೆ. ಅದಕ್ಕೇ ಕಾಡಿನ ಹೆಸರು ಹಾಕಿದ ಮುಂಗಡ ವೋಚರ್ ತಗೋಬಾರದು. ಅವತ್ತು ಬೆಳಗ್ಗೆ ಜೀಪಿನವರನ್ನೇ ಕೇಳಿ ಮೂರರಲ್ಲಿ ಒಂದನ್ನು ಆರಿಸುವುದು ಸರಿ. ಇನ್ನೊಂದು ವಿಷಯ, ಅಲ್ಲಿಯ ಗಂಡಾನೆಗಳಲ್ಲಿ ದಂತ ಇರುವವು ನೂರಕ್ಕೆ ಹತ್ತೂ ಇಲ್ಲ. ನಾಗರಹೊಳೆಯ ಸಲಗ ನೋಡಿದ ಕಣ್ಣಿಗೆ ಎಲ್ಲವೂ ಹೆಣ್ಣಾನೆಯಂತೆಯೇ ಕಾಣುತ್ತವೆ.

ಯಾಲದ ಸಫಾರಿ ಪ್ಯಾಕೇಜಿನಲ್ಲಿ 'ಸೇರಿದೆ' ಎಂದಿದೆ. ಸೇರಿರುವುದು ಜೀಪು ಮಾತ್ರ. ಪಾಲಟುಪಾನ ಗೇಟಿನಲ್ಲಿ ವಿದೇಶಿಯರಿಗೆ ತಲೆಗಿಷ್ಟು ಡಾಲರ್ ಪ್ರವೇಶ, ಅದರ ಜೊತೆ ಸೇವಾ ಶುಲ್ಕ, ಗಾಡಿ ಶುಲ್ಕ, ಇವುಗಳ ಮೇಲೆ ತೆರಿಗೆ. ನಾಲ್ಕೂ ಸೇರಿದರೆ ಜೀಪಿನ ಬಾಡಿಗೆಯಷ್ಟೇ ಭಾರ. 'ಪಾರ್ಕ್ ಫೀ ಸಹಿತ' ಎಂದು ಬರೆಸಿಕೊಳ್ಳಿ. ಶ್ರೀಲಂಕೆಯಲ್ಲಿ ಹುಲಿ ಇಲ್ಲ, ಚಿರತೆಯೇ ಕಾಡಿನ ದೊರೆ. ಅದು ಹಗಲಲ್ಲೇ ಬಂಡೆಯ ಮೇಲೆ ಮಲಗುತ್ತದೆ, ಸುದ್ದಿ ಫೋನಿನಲ್ಲಿ ಹರಿದು ಹತ್ತಾರು ಜೀಪು ಅಲ್ಲಿಗೇ ನುಗ್ಗುತ್ತವೆ. ಸಂಜೆ ಸಫಾರಿಗಿಂತ ಗೇಟು ತೆಗೆಯುವ ಹೊತ್ತಿನದು ಮೇಲು. ಡ್ರೈವರಿಗೆ "ಚಿರತೆ ಸಿಗದಿದ್ದರೂ ಪರವಾಗಿಲ್ಲ" ಎಂದು ಮೊದಲೇ ಹೇಳಿದರೆ ಕರಡಿ, ಮೊಸಳೆ, ಅವರ ರಾಷ್ಟ್ರಪಕ್ಷಿಯಾದ ಕಾಡುಕೋಳಿ ನೆಮ್ಮದಿಯಿಂದ ಕಾಣುತ್ತವೆ.

ಸಿಗಿರಿಯಾಕ್ಕೆ ಹಾಳೆಯಲ್ಲಿ ಬೆಳಗ್ಗೆ 11 ಗಂಟೆ ಎಂದಿದೆ. ಇದೊಂದು ದೊಡ್ಡ ತಪ್ಪು. 1,200ರಷ್ಟು ಮೆಟ್ಟಿಲು, ಅದರಲ್ಲಿ ಕಬ್ಬಿಣದ್ದೇ ಬಹಳ, ಮೇಲರ್ಧಕ್ಕೆ ನೆರಳೇ ಇಲ್ಲ. ಏಳು ಗಂಟೆಯೊಳಗೆ ಹತ್ತಲು ಶುರು ಮಾಡಬೇಕು. ಸದ್ದು ಮಾಡಿದರೆ ಹೆಜ್ಜೇನು ಏಳುತ್ತದೆ ಎಂಬ ಬೋರ್ಡು ಹೆದರಿಸಲು ಹಾಕಿದ್ದಲ್ಲ. ಸಾರ್ಕ್ ದೇಶದವರಿಗೆ ಟಿಕೆಟ್ಟಿನಲ್ಲಿ ರಿಯಾಯಿತಿ ಇದೆ, ಮೂಲ ಪಾಸ್‌ಪೋರ್ಟ್ ತೋರಿಸಬೇಕು. ಅದನ್ನು ಹೋಟೆಲಿನ ಲಾಕರಿನಲ್ಲಿ ಬಿಟ್ಟು ಬಂದವರು ಪೂರ್ತಿ ಕೊಡುತ್ತಾರೆ. ಐದನೇ ಶತಮಾನದಲ್ಲಿ ಕಾಶ್ಯಪ ದೊರೆ ಕಟ್ಟಿಸಿದ ಅರಮನೆಗಿಂತ ದಾರಿಯಲ್ಲಿ ಸಿಗುವ ಕನ್ನಡಿ ಗೋಡೆಯ ಹತ್ತಿರ ನಿಲ್ಲಿ. ಸಾವಿರ ವರ್ಷಕ್ಕೂ ಹಿಂದೆ ಬಂದ ಪ್ರವಾಸಿಗರು ಅಲ್ಲಿಯ ಚಿತ್ರದ ಹೆಂಗಸರನ್ನು ನೋಡಿ ನುಣುಪಾದ ಗಾರೆಯ ಮೇಲೆ ಸಣ್ಣಗೆ ಪದ್ಯ ಗೀಚಿದ್ದಾರೆ. ವಿದ್ವಾಂಸ ಪರಣವಿತಾನ ಅವುಗಳಲ್ಲಿ 685ನ್ನು ಓದಿ ಪ್ರಕಟಿಸಿದರು. ಹೊಗಳಿಕೆ, ಗೊಣಗಾಟ, ಊರು, ಹೆಸರು ಎಲ್ಲ ಇದೆ. ನಾವು ಈಗ ಸ್ಟಾರ್ ಕೊಡುತ್ತೇವೆ, ಅಷ್ಟೇ.

ಪ್ಯಾಕೇಜು ತೀರಾ ಸೊರಗಿರುವುದು ಜನರ ವಿಷಯದಲ್ಲಿ. ಟೀ ಫ್ಯಾಕ್ಟರಿಯಲ್ಲಿ ಎಲೆ ಬಾಡಿಸುವುದು, ಹೊಸೆಯುವುದು, ಒಣಗಿಸುವುದು ತೋರಿಸಿ ಒಂದು ಕಪ್ಪು ಕೊಟ್ಟು ಕಳಿಸುತ್ತಾರೆ. ಆ ಬೆಟ್ಟದಲ್ಲಿ ಮೊದಲಿದ್ದುದು ಕಾಫಿ. 1869ರಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಅದನ್ನು ಮುಗಿಸಿತು, ಕೊಡಗಿನವರಿಗೆ ಹೇಳಬೇಕಿಲ್ಲ. 1867ರಲ್ಲೇ ಜೇಮ್ಸ್ ಟೇಲರ್ ಎಂಬ ಬ್ರಿಟಿಷ್ ತೋಟಗಾರ 19 ಎಕರೆಯಲ್ಲಿ ಟೀ ಹಾಕಿದ್ದ, ಅದು ಹಬ್ಬಿತು. ಎಲೆ ಕೀಳುವ ಹೆಂಗಸರು ತಮಿಳುನಾಡಿನಿಂದ ಬಂದವರ ಸಂತತಿ. 1948ರ ಪೌರತ್ವ ಕಾನೂನಿನಿಂದ ಅವರಲ್ಲಿ ಹೆಚ್ಚಿನವರು ಯಾವ ದೇಶಕ್ಕೂ ಸೇರದವರಾದರು, 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದಲ್ಲಿ ಲಕ್ಷಗಟ್ಟಲೆ ಜನರನ್ನು ಎರಡು ದೇಶಕ್ಕೆ ಹಂಚಲಾಯಿತು. ಉತ್ತರದ ಜಾಫ್ನಾ ತಮಿಳರು ಬೇರೆ, ಇವರು ಬೇರೆ. ಈ ವ್ಯತ್ಯಾಸವನ್ನು ವಿವರಿಸಬಲ್ಲವರು ಬೇಕಿದ್ದರೆ ಬರೀ ಡ್ರೈವರ್ ಸಾಲದು, ಪ್ರವಾಸೋದ್ಯಮ ಪ್ರಾಧಿಕಾರದ ಲೈಸೆನ್ಸ್ ಇರುವ ಚಾಲಕ-ಗೈಡ್ ಎಂದು ಕೇಳಿ. ಕ್ಯಾಂಡಿಯ ಕಡೆಯ ದೊರೆ ಮಧುರೆ ನಾಯಕರ ನಂಟಿನವನು, 1815ರಲ್ಲಿ ಬ್ರಿಟಿಷರು ಹಿಡಿದು ವೆಲ್ಲೂರಿಗೆ ಸಾಗಹಾಕಿದರು. ಅವನ ಸಮಾಧಿ ಇರುವುದು ಅಲ್ಲೇ, ಅದನ್ನು ನೋಡಲು ವೀಸಾ ಬೇಕಿಲ್ಲ.

ಸಸ್ಯಾಹಾರಿಗಳು ಎಚ್ಚರವಿರಬೇಕಾದ್ದು ಮಾಂಸಕ್ಕಲ್ಲ, ಉಂಬಲಕಡಕ್ಕೆ. ಒಣಗಿಸಿದ ಮೀನಿನ ಚೂರು ಅದು. ನಮ್ಮ ಕೆಂಪು ಕಾಯಿಚಟ್ನಿಯಂತೆ ಕಾಣುವ ಪೊಲ್ ಸಂಬೋಲದಲ್ಲಿ, ಕೆಲವು ಕಡೆ ಪಲ್ಯದಲ್ಲೂ ಇರುತ್ತದೆ. "ವೆಜ್" ಎಂದರೆ ತಲೆಯಾಡಿಸಿ ಅದನ್ನೇ ತಂದಿಡುತ್ತಾರೆ, ಅವರ ಲೆಕ್ಕದಲ್ಲಿ ಅದು ಮೀನಲ್ಲ, ಮಸಾಲೆ. "ಮಸ್ ಎಪಾ, ಮಾಳು ಎಪಾ, ಉಂಬಲಕಡ ಎಪಾ" (ಮಾಂಸ ಬೇಡ, ಮೀನು ಬೇಡ, ಉಂಬಲಕಡ ಬೇಡ) ಎಂದು ಮೂರನ್ನೂ ಹೇಳಿ. ಇಂದಿ ಆಪ್ಪ ನಮ್ಮ ಒತ್ತು ಶ್ಯಾವಿಗೆಯೇ. ಎಮ್ಮೆ ಮೊಸರಿಗೆ ಕಿತುಲ್ ಪಾಕ ಹಾಕಿಕೊಡುತ್ತಾರೆ, ಕಿತುಲ್ ಅಂದರೆ ಮಲೆನಾಡಿನ ಬೈನೆ ಮರ. ಅದನ್ನು ಮಾತ್ರ ಬಿಡಬೇಡಿ.

ಕ್ಯಾಂಡಿಯಿಂದ 'ಎಲ್ಲ'ಕ್ಕೆ ಹೋಗುವ ರೈಲು ಹಾಳೆಯಲ್ಲಿ ಇದೆ, ಸೀಟು ಇದೆಯೆಂದಲ್ಲ. ಕಾಯ್ದಿರಿಸಿದ ಸೀಟು ಬೇಗ ಮುಗಿಯುತ್ತದೆ. ಆರೇಳು ಗಂಟೆ ನಿಂತು ಹೋಗುವ ಬದಲು ನುವರ ಎಲಿಯದ ನಿಲ್ದಾಣವಾದ 'ನಾನು ಓಯ'ದಲ್ಲಿ ಹತ್ತಿದರೆ ಅರ್ಧ ಹೊತ್ತು, ನೋಟವೂ ಈ ಭಾಗದ್ದೇ ಮೇಲು. ಮಳೆಯಲ್ಲಿ ಗುಡ್ಡ ಕುಸಿದು ದಾರಿ ನಿಲ್ಲುವುದುಂಟು, ಹೊರಡುವ ವಾರ ವಿಚಾರಿಸಿ.

ಪ್ರತಿ ಹುಣ್ಣಿಮೆ ಅಲ್ಲಿ 'ಪೋಯ' ರಜೆ: ಮದ್ಯ ಸಿಗದು, ದೇಗುಲಗಳಲ್ಲಿ ಜಾತ್ರೆಯಷ್ಟು ಜನ. ಭುಜ, ಮಂಡಿ ಮುಚ್ಚಿರಬೇಕು, ಬುದ್ಧನಿಗೆ ಬೆನ್ನು ಹಾಕಿ ಸೆಲ್ಫಿ ತೆಗೆದರೆ ಜಗಳ ಖಾತರಿ. ಇಟಿಎ (ಹೊರಡುವ ಮೊದಲೇ ಆನ್‌ಲೈನಿನಲ್ಲಿ ಪಡೆಯುವ ಪ್ರವೇಶ ಅನುಮತಿ) ಅನ್ನು ಅವರ ಸರಕಾರಿ ತಾಣದಲ್ಲೇ ಮಾಡಿಸಿ, ನಡುವೆ ಸರ್ವಿಸ್ ಚಾರ್ಜ್ ಹಾಕುವ ಖಾಸಗಿ ತಾಣಗಳು ಬಹಳ.

ಮಾತಲೆ ಹತ್ತಿರ ಡ್ರೈವರ್ ನಿಲ್ಲಿಸುವ ಮಸಾಲೆ ತೋಟ ಕಮಿಷನ್ ವ್ಯವಹಾರ. ಮೆಣಸು, ಏಲಕ್ಕಿ ನೋಡಲು ಸಕಲೇಶಪುರದವರೆಗೆ ಹೋದರೆ ಸಾಕು. ಕೊಳ್ಳುವುದಿದ್ದರೆ ಚಕ್ಕೆ ಒಂದೇ, ಅದೂ ಊರ ಸೂಪರ್‌ಮಾರ್ಕೆಟ್ಟಿನಲ್ಲಿ. ನಮ್ಮ ಅಂಗಡಿಯಲ್ಲಿ ಸಿಗುವ ದಪ್ಪ ತೊಗಟೆ ಹೆಚ್ಚಾಗಿ ಕ್ಯಾಸಿಯಾ ಎಂಬ ಬೇರೆ ಜಾತಿಯದು. ಸಿಂಹಳದ ಚಕ್ಕೆ ಕಾಗದದಷ್ಟು ತೆಳು, ಸುರುಳಿಯೊಳಗೆ ಸುರುಳಿ, ಎರಡು ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ.