ಬೇಕರಿ ಕೇಕಾ, ಹೇಳಿ ಮಾಡಿಸಿದ ಕೇಕಾ?

ಹಾಸನದಲ್ಲಿ ಹುಟ್ಟುಹಬ್ಬಕ್ಕೆ ಕೇಕ್ ಹುಡುಕುವವರು ಕೇಳುವುದೇ ಇದು: ಬೇಕರಿಯ ಒಂದು ಕೆಜಿಗೂ ಮನೆಯಲ್ಲಿ ಮಾಡಿಕೊಡುವವರ ಒಂದು ಕೆಜಿಗೂ ರೇಟಿನಲ್ಲಿ ಇಷ್ಟು ವ್ಯತ್ಯಾಸ ಯಾಕೆ? ಮೈದಾ, ಸಕ್ಕರೆ ಎರಡಕ್ಕೂ ಒಂದೇ ಅಲ್ವಾ?

ಒಂದೇ. ದುಡ್ಡು ಹೋಗುವುದು ಕೈಕೆಲಸಕ್ಕೆ. ಬೇಕರಿಯಲ್ಲಿ ಒಂದೇ ಸಲ ಹತ್ತಾರು ಕೇಕ್ ಬೇಯುತ್ತವೆ, ಕ್ರೀಮ್ ಹಚ್ಚಿ ಚೆರ್ರಿ ಇಟ್ಟರೆ ಮುಗಿಯಿತು. ಮಾಡಿಸುವ ಕೇಕಿನಲ್ಲಿ ಒಂದು ಸಕ್ಕರೆ ಗುಲಾಬಿಗೇ ಎಸಳೆಸಳಾಗಿ ತೆಳ್ಳಗೆ ಲಟ್ಟಿಸಿ, ಅಂಚು ಒತ್ತಿ, ಒಣಗಲು ಬಿಟ್ಟು ಆಮೇಲೆ ಜೋಡಿಸಬೇಕು. ಮಳೆಗಾಲದಲ್ಲಂತೂ ಫಾಂಡೆಂಟ್, ಅಂದರೆ ಕೇಕಿಗೆ ಹೊದಿಸುವ, ಹೂವು ಗೊಂಬೆ ಮಾಡುವ ಸಕ್ಕರೆ ಕಣಕ, ಗಾಳಿಯ ತೇವ ಹೀರಿ ಅಂಟಂಟಾಗುತ್ತದೆ, ಬೇಗ ಒಣಗುವುದೇ ಇಲ್ಲ. ಸಕಲೇಶಪುರದ ಕಡೆ ಯಾವುದೋ ಎಸ್ಟೇಟಿಗೆ ಎರಡಂತಸ್ತಿನದು ಕಳಿಸಬೇಕಾದರೆ ಒಳಗೆ ಕಡ್ಡಿ ಕೊಟ್ಟು ನಿಲ್ಲಿಸಬೇಕು, ಕಾರಿನವನೂ ನಿಧಾನ ಹೋಗಬೇಕು.

ರುಚಿಯ ಮಾತು ಬೇರೆ. ಫಾಂಡೆಂಟ್ ಅಂದರೆ ಹೆಚ್ಚುಕಮ್ಮಿ ಸಕ್ಕರೆಯೇ, ಮಕ್ಕಳು ಅದನ್ನು ಸುಲಿದು ತಟ್ಟೆಯಂಚಿಗೆ ತಳ್ಳುತ್ತಾರೆ. ಆಫೀಸಿನಲ್ಲಿ ಕತ್ತರಿಸಿ ಹಂಚುವುದಕ್ಕೆ ಸುಮ್ನೆ ಬೇಕರಿಯದನ್ನೇ ತನ್ನಿ. ಮಗುವಿನ ಮೊದಲ ಹುಟ್ಟುಹಬ್ಬ, ಫೋಟೊ ಜಾಸ್ತಿ ಅಂದರೆ ಮಾಡಿಸಿ, ವಾರ ಮೊದಲೇ ಹೇಳಿ. ಕೈಯಲ್ಲಿ ದುಡ್ಡು ಕಮ್ಮಿಯಿದ್ದರೆ ಕ್ರೀಮ್ ಕೇಕಿನ ಮೇಲೆ ಒಂದೇ ಗೊಂಬೆ ಸಾಕು ಅನ್ನಿ, ರೇಟು ತಾನಾಗಿ ಇಳಿಯುತ್ತದೆ.