ಹನ್ನೊಂದು ವರ್ಷ, ಎರಡು ಜಿಪಿಎಸ್: ಕಲಬುರಗಿ ರಸ್ತೆಗಳಲ್ಲಿ ಬಳಸಿ ಕಂಡದ್ದು

ನಾನು ಸೋಲಾರ್ ಪಂಪ್‌ಸೆಟ್ ಕೂಡಿಸುವ, ರಿಪೇರಿ ಮಾಡುವ ಕೆಲಸದವನು. ಮನೆ ಕಲಬುರಗಿಯಲ್ಲಿ. ಕೆಲಸ ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಯ ಹೊಲಗಳಲ್ಲಿ. ಹೊಲಕ್ಕೆ ಮನೆ ನಂಬರ್ ಎಲ್ಲಿಂದ ಬರಬೇಕು? "ಅಗಸಿ ದಾಟ್ರಿ, ಹಣಮಪ್ಪನ ಗುಡಿ ಬಲಕ್ಕ ಬಿಡ್ರಿ, ಹಳ್ಳ ಇಳಿದು ಏರಿದ್ರ ದೊಡ್ಡ ಬೇವಿನ ಗಿಡ ಕಾಣ್ತದ, ಅಲ್ಲೇ ನಮ್ಮ ಬಾವಿ." ಇದೇ ವಿಳಾಸ. ಹೀಗೆ ಕೇಳಿಕೊಂಡು ಅಲೆದು ಅಲೆದು ಸಾಕಾಗಿ 2013ರಲ್ಲಿ ಕಾರಿಗೆ ದಾರಿ ತೋರಿಸುವ ಒಂದು ಜಿಪಿಎಸ್ ಸೆಟ್ ತಂದೆ. ಮುಂದಿನ ಗಾಜಿಗೆ ಅಂಟಿಸಿ ಇಡುವಂಥದ್ದು, ಬೇಡವಾದಾಗ ಬಿಚ್ಚಿ ಜೇಬಿಗೆ ಹಾಕಿಕೊಳ್ಳುವಂಥದ್ದು. ಐದು ವರ್ಷ ಅದು ನಡೆಯಿತು. 2018ರಲ್ಲಿ ಎರಡನೆಯದು ಬಂತು. ಅದು ಈಗಲೂ ಗಾಡಿಯಲ್ಲಿದೆ. ಎರಡೂ ಬೇರೆ ಬೇರೆ ಕಂಪನಿಯವು. ಹೆಸರು ಹೇಳುವುದಿಲ್ಲ. ಇಲ್ಲಿ ಬರೆಯುವ ಒಳ್ಳೆಯದೂ ಕೆಟ್ಟದ್ದೂ ಈ ಜಾತಿಯ ಯಾವ ಸೆಟ್‌ಗಾದರೂ ಹೊಂದುತ್ತದೆ.

ಫೋನ್ ಇರುವಾಗ ಇದು ಯಾಕೆ ಅಂತ ದಿನಾ ಒಬ್ಬರಾದರೂ ಕೇಳುತ್ತಾರೆ. ಊರೊಳಗೆ, ಹೆದ್ದಾರಿಯಲ್ಲಿ ಫೋನ್ ಸಾಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಚಿಂಚೋಳಿ ದಾಟಿ ಕುಂಚಾವರಂ ಕಾಡಿನ ಕಡೆ ಹೋಗಿ ನೋಡಿ. ಸಿಗ್ನಲ್ ಕಡ್ಡಿ ಒಂದೊಂದೇ ಇಳಿದು ಕೊನೆಗೆ ಏನೂ ಉಳಿಯುವುದಿಲ್ಲ. ಫೋನಿನಲ್ಲೂ ನಕ್ಷೆ ಮೊದಲೇ ಇಳಿಸಿಟ್ಟುಕೊಳ್ಳಬಹುದು, ನಾನೂ ಇಳಿಸಿಟ್ಟಿದ್ದೇನೆ. ಆದರೆ ನನ್ನ ಫೋನ್ ದಿನವಿಡೀ ರೈತರ ಕರೆಗೆ ಬೇಕು. ಮೇಲಾಗಿ ನಮ್ಮ ಬೇಸಿಗೆ ಗೊತ್ತಲ್ವಾ. ಹೊರಗೆ 43 ಡಿಗ್ರಿ ಇದ್ದ ದಿನ ಗಾಜಿನ ಹಿಂದೆ ಇಟ್ಟ ಫೋನ್ ಅರ್ಧ ಗಂಟೆಯಲ್ಲಿ ಕಾದು ಪರದೆ ಮಂಕಾಗುತ್ತದೆ, ಚಾರ್ಜ್ ಆಗುವುದನ್ನೇ ನಿಲ್ಲಿಸುತ್ತದೆ. ಅದಕ್ಕೇ ದಾರಿ ತೋರಿಸಲು ಬೇರೆ ಸೆಟ್.

ಹಳ್ಳಿಗಳಲ್ಲಿ ಇನ್ನೊಂದು ಪ್ರಶ್ನೆ: "ಉಪಗ್ರಹಕ್ಕ ತಿಂಗಳಿಗಿ ಎಷ್ಟು ಕಟ್ತೀರಿ?" ಒಂದು ಪೈಸೆಯೂ ಇಲ್ಲ. ನಮ್ಮ ಸೆಟ್ ಮೇಲಕ್ಕೆ ಏನನ್ನೂ ಕಳಿಸುವುದಿಲ್ಲ, ಬರೀ ಕೇಳಿಸಿಕೊಳ್ಳುತ್ತದೆ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ತಮ್ಮ ಗಡಿಯಾರದ ಸಮಯವನ್ನೂ ತಾವು ಎಲ್ಲಿದ್ದೇವೆ ಎಂಬುದನ್ನೂ ಸಾರುತ್ತಲೇ ಇರುತ್ತವೆ. ನಾಲ್ಕು ಉಪಗ್ರಹಗಳ ದನಿ ಸಿಕ್ಕರೆ ಸೆಟ್ ತಾನಿರುವ ಜಾಗವನ್ನು ಲೆಕ್ಕ ಹಾಕಿಕೊಳ್ಳುತ್ತದೆ. ಇದಕ್ಕೆ ಇಂಟರ್‌ನೆಟ್ ಬೇಡ, ಸಿಮ್ ಬೇಡ. ಬಯಲು ಹೊಲದಲ್ಲಿ ನನ್ನ ಸೆಟ್ ನಾಲ್ಕೈದು ಮೀಟರ್ ಆಚೀಚೆ ಸರಿಯಾಗಿ ತೋರಿಸುತ್ತದೆ. ಒಂದು ಬಾವಿ ಹುಡುಕಲು ಅಷ್ಟು ಧಾರಾಳವಾಯಿತು.

ಆದರೆ ಉಪಗ್ರಹದ ಕೆಲಸ ಅಲ್ಲಿಗೆ ಮುಗಿಯಿತು. ನೀವು ಎಲ್ಲಿದ್ದೀರಿ ಎಂಬುದು ಅದರಿಂದ ತಿಳಿಯುತ್ತದೆ. ಅಲ್ಲಿಂದ ರಸ್ತೆ ಎಲ್ಲಿ ಹೋಗುತ್ತದೆ ಎಂಬುದು ಸೆಟ್‌ನೊಳಗಿನ ನಕ್ಷೆಯ ಮಾತು. ಇವೆರಡೂ ಬೇರೆ ಬೇರೆ ಅಂತ ನನಗೆ ತಿಳಿಯಲು ಎರಡು ವರ್ಷ ಹಿಡಿಯಿತು. ದಾರಿ ತಪ್ಪಿದಾಗಲೆಲ್ಲ "ಸಿಗ್ನಲ್ ಸರಿಯಿಲ್ಲ" ಅಂತ ಬೈಯುತ್ತಿದ್ದೆ. ಸಿಗ್ನಲ್ ಸರಿಯೇ ಇತ್ತು. ನಕ್ಷೆ ಹಳೆಯದಾಗಿತ್ತು.

ಎಷ್ಟು ಹಳೆಯದು ಅಂದರೆ, ಯಾದಗಿರಿ ಜಿಲ್ಲೆಯಾದದ್ದು 2009ರ ಡಿಸೆಂಬರ್ 30ಕ್ಕೆ. 2013ರಲ್ಲಿ ಕೊಂಡ ಸೆಟ್ ಅದನ್ನು ಗುಲ್ಬರ್ಗಾ ಜಿಲ್ಲೆಯೊಳಗೇ ಇಟ್ಟುಕೊಂಡಿತ್ತು. 2014ರ ನವೆಂಬರ್ 1ರಿಂದ ನಮ್ಮ ಊರಿಗೆ ಕಲಬುರಗಿ ಎಂಬ ಹೆಸರು ಅಧಿಕೃತವಾಯಿತು. ಸೆಟ್‌ನಲ್ಲಿ ಕಲಬುರಗಿ ಅಂತ ಹುಡುಕಿದರೆ ಕೊನೆಯವರೆಗೂ ಏನೂ ಸಿಗಲಿಲ್ಲ. ಹುಮನಾಬಾದಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ ಹಿಂದೆ 9 ಆಗಿತ್ತು, ಈಗ 65. ನಮ್ಮ ಹುಮನಾಬಾದ್, ಕಲಬುರಗಿ, ಜೇವರ್ಗಿ ರಸ್ತೆ 218 ಇದ್ದದ್ದು ಈಗ 50. ಹೊಸ ಬೋರ್ಡುಗಳಲ್ಲಿ ಹೊಸ ನಂಬರ್ ಬಂದಮೇಲೂ ಸೆಟ್ ಹಳೆಯ ನಂಬರನ್ನೇ ಹೇಳುತ್ತಿತ್ತು. ಗೊತ್ತಿದ್ದವರಿಗೆ ತೊಂದರೆ ಇಲ್ಲ. ಹೊರಗಿನ ಊರಿಂದ ಬಂದ ಡ್ರೈವರ್ ಕೂಡುರಸ್ತೆಯಲ್ಲಿ ಗಾಡಿ ನಿಲ್ಲಿಸಿ ಗಲಿಬಿಲಿಯಾಗುತ್ತಾನೆ.

ಊರ ಹೆಸರಿನ ಸ್ಪೆಲಿಂಗ್ ಇನ್ನೊಂದು ತಲೆನೋವು. ಸೆಟ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹುಡುಕಬೇಕು. ಸುರಪುರ ಅಂತ ಹಾಕಿದರೆ ಇಲ್ಲ, ಶೋರಾಪುರ ಅಂದರೆ ಇದೆ. ಸೇಡಂ ಸಿಗದೆ ಸೇರಂ ಅಂತ ಹುಡುಕಬೇಕಾಯಿತು. ಜೇವರ್ಗಿಗೆ ನಡುವಿನ ಅಕ್ಷರ ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ. ಈಗ ನಾನು ಮೊದಲ ಮೂರು ಅಕ್ಷರ ಮಾತ್ರ ಹಾಕಿ ಪಟ್ಟಿಯಲ್ಲಿ ಕಣ್ಣಾಡಿಸುತ್ತೇನೆ. ಅದು ಬೇಗ ಆಗುತ್ತದೆ.

2016ರ ಜುಲೈನಲ್ಲಿ ಆದದ್ದನ್ನು ಹೇಳಲೇಬೇಕು. ಸೇಡಂ ಕಡೆ ಒಂದು ಹಳ್ಳಿಗೆ ಹೊರಟಿದ್ದೆ. ಡೀಸೆಲ್ ಉಳಿಯಲಿ ಅಂತ ದಾರಿ ಆಯ್ಕೆಯಲ್ಲಿ 'ಕಡಿಮೆ ದೂರ' ಅಂತ ಇಟ್ಟಿದ್ದೆ. ಡಾಂಬರು ರಸ್ತೆ ಬಿಟ್ಟು ಎಡಕ್ಕೆ ಹೊಳ್ಳಲು ಹೇಳಿತು. ನೂರು ಮೀಟರ್ ಗಟ್ಟಿ ಇತ್ತು. ಆಮೇಲೆ ಎರಡೂ ಕಡೆ ಆಗಷ್ಟೇ ಮೊಳೆತ ತೊಗರಿ, ನಡುವೆ ಬಂಡಿ ದಾರಿ. ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ನಮ್ಮ ಎರೆ ಮಣ್ಣು ಹಸಿಯಾದರೆ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಮಣ್ಣು ಚಕ್ರಕ್ಕೆ ಮೆತ್ತಿ ಮೆತ್ತಿ ಮಡ್‌ಗಾರ್ಡ್ ತುಂಬಿತು. ಚಕ್ರ ತಿರುಗುವುದೇ ನಿಂತಿತು. ಇಳಿದರೆ ಚಪ್ಪಲಿ ಅಲ್ಲೇ ಉಳಿಯಿತು. ಸೆಟ್ ಮಾತ್ರ ಇಂಗ್ಲಿಷಿನಲ್ಲಿ ಸೀದಾ ಹೋಗು ಅನ್ನುತ್ತಲೇ ಇತ್ತು. ಪಕ್ಕದ ಹೊಲದ ಕಾಕಾ ಬಂದು, "ಇದು ದಾರಿ ಅಂತ ಯಾರು ಹೇಳ್ಯಾರ ನಿಮಗ? ಮಳಿಗಾಲ್ದಾಗ ಇಲ್ಲಿ ಎತ್ತೂ ಬರಂಗಿಲ್ಲ" ಅಂದರು. ಟ್ರ್ಯಾಕ್ಟರ್ ತಂದು ಎಳೆದು ಹಾಕಿದವರೂ ಅವರೇ. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಆವತ್ತೇ ಸೆಟ್ಟಿಂಗ್ ಬದಲಿಸಿದೆ. 'ಕಡಿಮೆ ದೂರ' ತೆಗೆದು 'ಕಡಿಮೆ ಸಮಯ' ಇಟ್ಟೆ. ಕಚ್ಚಾ ರಸ್ತೆ ಬೇಡ ಎಂಬ ಗುರುತು ಹಾಕಿದೆ. ಈ ಎರಡು ಗುರುತು ಹಾಕದೆ ನಮ್ಮ ಕಡೆ ಯಾರೂ ಜಿಪಿಎಸ್ ನಂಬಿ ಹೋಗಬಾರದು, ಮಳೆಗಾಲದಲ್ಲಂತೂ ಖಂಡಿತ ಬೇಡ.

ಇನ್ನು ಈ ಸೆಟ್ ನನಗೆ ನಿಜವಾಗಿ ಅನ್ನ ಕೊಟ್ಟದ್ದು ಯಾವುದರಿಂದ ಅಂದರೆ, ನನ್ನದೇ ಪಾಯಿಂಟ್‌ಗಳಿಂದ. ಮೊದಲ ಸಲ ಹೊಲಕ್ಕೆ ಹೋದಾಗ ದಾರಿ ಕೇಳಿಕೊಂಡೇ ಹೋಗುತ್ತೇನೆ. ಬಾವಿ ಪಕ್ಕ ನಿಂತು ಆ ಜಾಗವನ್ನು ಉಳಿಸಿಕೊಳ್ಳುತ್ತೇನೆ. ಡಾಂಬರು ಬಿಡುವ ತಿರುವನ್ನೂ ಉಳಿಸಿಕೊಳ್ಳುತ್ತೇನೆ. ಹಳ್ಳ ದಾಟುವ ಜಾಗ ಇದ್ದರೆ ಅದನ್ನೂ. ಹೆಸರಿನ ಜತೆ ಪಂಪ್ ಎಷ್ಟು ಎಚ್‌ಪಿ, ಪ್ಯಾನಲ್ ಎಷ್ಟು ಅಂತ ಎರಡು ಮಾತು. ಈಗ 600ಕ್ಕೂ ಜಾಸ್ತಿ ಪಾಯಿಂಟ್ ಇವೆ. ನಾಲ್ಕು ವರ್ಷದ ಹಿಂದೆ ಒಮ್ಮೆ ಹೋದ ಹೊಲಕ್ಕೆ ಇವತ್ತು ರಾತ್ರಿ ಎಂಟಕ್ಕೆ ಹೋಗಬೇಕಾದರೂ ಯಾರನ್ನೂ ಎಬ್ಬಿಸಿ ಕೇಳಬೇಕಿಲ್ಲ. ಕಂಪನಿಯ ನಕ್ಷೆ ಹಳೆಯದಾಗಬಹುದು, ನಾನು ನಿಂತು ಗುರುತು ಮಾಡಿದ ಬಾವಿ ಅಲ್ಲೇ ಇರುತ್ತದೆ.

ಈಗ ರೈತರು ವಾಟ್ಸಾಪ್‌ನಲ್ಲಿ ಲೊಕೇಶನ್ ಕಳಿಸುತ್ತಾರೆ. ಅದರಲ್ಲಿರುವ ಅಕ್ಷಾಂಶ, ರೇಖಾಂಶದ ಅಂಕಿಯನ್ನು ಸೆಟ್‌ಗೆ ಹಾಕಿದರೆ ಆಯಿತು. ಆದರೆ ಇಲ್ಲೊಂದು ಗುಂಡಿ ಇದೆ. ಫೋನ್ ತೋರಿಸುವುದು ದಶಮಾಂಶದಲ್ಲಿ. ಕಲಬುರಗಿ ಅಂದರೆ 17.33 ಉತ್ತರ, 76.83 ಪೂರ್ವ. ಕೆಲವು ಸೆಟ್‌ಗಳು ಕೇಳುವುದು ಡಿಗ್ರಿ ಮತ್ತು ಮಿನಿಟಿನಲ್ಲಿ. ಅಲ್ಲಿ 17 ಡಿಗ್ರಿ 33 ಮಿನಿಟು ಅಂತ ಹಾಕಿಬಿಟ್ಟರೆ ಸುಮಾರು 24 ಕಿಲೋಮೀಟರ್ ಉತ್ತರಕ್ಕೆ ಹೋಗಿರುತ್ತೀರಿ. ಏಕೆಂದರೆ ಒಂದು ಡಿಗ್ರಿಗೆ 60 ಮಿನಿಟು, 0.33 ಡಿಗ್ರಿ ಅಂದರೆ 33 ಮಿನಿಟಲ್ಲ, ಹತ್ತಿರ ಹತ್ತಿರ 20 ಮಿನಿಟು. ಹೊಸ ಸೆಟ್ ತಂದ ದಿನವೇ ಸೆಟ್ಟಿಂಗ್‌ನಲ್ಲಿ ದಶಮಾಂಶ ಅಂತ ಬದಲಿಸಿಕೊಳ್ಳಿ.

ಬಿಸಿಲಿನ ವಿಷಯ. ಗಾಜಿಗೆ ಅಂಟುವ ರಬ್ಬರ್ ಬಟ್ಟಲು ಮೊದಲ ಏಪ್ರಿಲ್‌ನಲ್ಲೇ ಕಳಚಿ ಬಿತ್ತು. ಬಿಸಿ ನೀರಿನಲ್ಲಿ ಅದ್ದಿ, ಗಾಜು ಚೆನ್ನಾಗಿ ಒರೆಸಿ ಅಂಟಿಸಿದರೆ ಕೆಲ ತಿಂಗಳು ನಿಲ್ಲುತ್ತದೆ, ಆಮೇಲೆ ಮತ್ತೆ ಬೀಳುತ್ತದೆ. ಎರಡನೇ ಸೆಟ್‌ಗೆ ಡ್ಯಾಶ್‌ಬೋರ್ಡ್ ಮೇಲೆ ಕೂರುವ ಭಾರದ ಸ್ಟ್ಯಾಂಡ್ ತಂದೆ. ಇದು ನನಗೆ ಬಹಳ ಇಷ್ಟವಾಯಿತು, ಕಣ್ಣಿಗೆ ರಸ್ತೆ ಅಡ್ಡವಾಗುವುದಿಲ್ಲ. ಬ್ಯಾಟರಿ ಹೊಸದರಲ್ಲಿ ಎರಡು ಗಂಟೆ ಬರುತ್ತಿತ್ತು. ಮೂರು ಬೇಸಿಗೆ ಕಳೆದಮೇಲೆ ಹದಿನೈದು ನಿಮಿಷ. ಒಂದು ದಿನ ನೋಡಿದರೆ ಹಿಂದಿನ ಮುಚ್ಚಳ ಉಬ್ಬಿತ್ತು. ಉಬ್ಬಿದ ಬ್ಯಾಟರಿಯನ್ನು ಒಂದು ದಿನವೂ ಇಟ್ಟುಕೊಳ್ಳಬೇಡಿ, ಬೆಂಕಿ ಹತ್ತುವ ವಸ್ತು ಅದು. ಸೂಪರ್ ಮಾರ್ಕೆಟ್ ಹತ್ತಿರದ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಬದಲಿಸಿಕೊಟ್ಟರು. ಅಂದಿನಿಂದ ಗಾಡಿ ನಿಲ್ಲಿಸಿದರೆ ಸೆಟ್ ಬಿಚ್ಚಿ ಡ್ಯಾಶ್‌ಬೋರ್ಡ್ ಡಬ್ಬದೊಳಗೆ ಇಡುತ್ತೇನೆ.

ಸಿಗ್ನಲ್ ಹಿಡಿಯಲು ಎರಡು ಮಾತು. ಗಾಜಿಗೆ ಲೋಹದ ಪದರದ ಫಿಲ್ಮ್ ಇದ್ದರೆ ಸಿಗ್ನಲ್ ಒಳಗೆ ಬರುವುದು ಕಷ್ಟ. ಬೆಳಗ್ಗೆ ಸೆಟ್ ಹಚ್ಚಿದ ತಕ್ಷಣ ಗಾಡಿ ಓಡಿಸಬೇಡಿ. ಒಂದೊಂದು ಉಪಗ್ರಹ ತನ್ನ ಕಕ್ಷೆಯ ಲೆಕ್ಕವನ್ನು 30 ಸೆಕೆಂಡಿಗೊಮ್ಮೆ ಕಳಿಸುತ್ತದೆ. ಅಂಗಳದಲ್ಲೇ ಒಂದು ನಿಮಿಷ ನಿಂತರೆ ಎಲ್ಲ ಸಿಗುತ್ತದೆ. ಬೀದರ್ ಹಳೇ ಊರಲ್ಲಿ, ಚೌಬಾರಾ ಸುತ್ತಿನ ಓಣಿಗಳಲ್ಲಿ ಮಾತ್ರ ನನ್ನ ಹಳೆಯ ಸೆಟ್ ಸೋತಿತು. ಗೋಡೆಗಳ ನಡುವೆ ಆಕಾಶ ಕಡಿಮೆ, ಗಾಡಿ ಎಲ್ಲಿದೆ ಅಂತ ತೋರಿಸುವ ಬಾಣ ಪಕ್ಕದ ಓಣಿಗೆ ಜಿಗಿಯುತ್ತಿತ್ತು. ಎರಡನೆಯದು ಅಮೆರಿಕದ ಜಿಪಿಎಸ್ ಜತೆ ರಷ್ಯಾದ ಗ್ಲೊನಾಸ್ ಉಪಗ್ರಹಗಳನ್ನೂ ಹಿಡಿಯುತ್ತದೆ, ಅಲ್ಲಿ ಎಷ್ಟೋ ವಾಸಿ. ನಮ್ಮ ಇಸ್ರೋದ ನಾವಿಕ್ ಉಪಗ್ರಹಗಳನ್ನು ಹಿಡಿಯುವ ಸೆಟ್ ನನ್ನ ಕೈಗೆ ಇನ್ನೂ ಬಂದಿಲ್ಲ. ಮುಂದಿನದರಲ್ಲಿ ಅದೂ ಇರಲಿ ಎಂಬ ಆಸೆ ಇದೆ.

2020ರ ಅಕ್ಟೋಬರ್‌ನಲ್ಲಿ ಭೀಮಾ ತುಂಬಿ ಬಂದಾಗ ನಾನು ಅಫಜಲಪುರ ಕಡೆ ಇದ್ದೆ. ಹೊಳೆಯಾಚೆ ಒಂದು ಕೆಲಸ. ಸೆಟ್ ಘತ್ತರಗಿ ಸೇತುವೆ ಮೇಲೆ ದಾರಿ ತೋರಿಸಿತು. ಅಲ್ಲಿಗೆ ಹೋದರೆ ಸೇತುವೆಯೇ ಕಾಣುತ್ತಿಲ್ಲ, ಕೆಂಪು ನೀರು ದಡದಿಂದ ದಡಕ್ಕೆ. ಪರದೆ ಮೇಲೆ ಮಾತ್ರ ದಾರಿಯ ಗುಲಾಬಿ ಗೆರೆ ಹೊಳೆಯನ್ನು ದಾಟಿ ಆಚೆ ದಡಕ್ಕೆ ಹೋಗಿತ್ತು. ಸೆಟ್‌ನದು ತಪ್ಪಲ್ಲ, ಅದಕ್ಕೆ ನೀರಿನ ಸುದ್ದಿ ತಲುಪುವ ದಾರಿಯೇ ಇಲ್ಲ. ಹೊಳೆ ದಂಡೆಯ ಕೆಲಸ ಇದ್ದರೆ ಈಗ ನಾನು ಮೊದಲು ಆ ಊರಿನವರಿಗೆ ಫೋನ್ ಮಾಡಿ, "ಸೇತುವೆ ಖಾಲಿ ಅದ ಏನ್ರಿ?" ಅಂತ ಕೇಳುತ್ತೇನೆ. ಆಮೇಲೆ ಸೆಟ್ ಹಚ್ಚುತ್ತೇನೆ.

ಹಳೆಯ ಸೆಟ್ ತಮ್ಮನ ಗಾಡಿಗೆ ಕೊಟ್ಟಿದ್ದೆ. 2019ರ ಏಪ್ರಿಲ್‌ನಲ್ಲಿ ಅವನು ಓಡಿ ಬಂದ: "ಅಣ್ಣಾ, ತಾರೀಖು 1999 ಅಂತ ತೋರಸ್ತದ, ಕೆಟ್ಟಿತೇನು?" ಕೆಟ್ಟಿರಲಿಲ್ಲ. ಜಿಪಿಎಸ್ 1024 ವಾರ ಎಣಿಸಿ ಮತ್ತೆ ಸೊನ್ನೆಯಿಂದ ಶುರು ಮಾಡುತ್ತದೆ. ಆ ಏಪ್ರಿಲ್ 6ರ ರಾತ್ರಿ ಎಣಿಕೆ ಸೊನ್ನೆಗೆ ಬಂದಿತ್ತು. ಹಳೆಯ ಸೆಟ್‌ಗೆ ಅದು ತಿಳಿಯದೆ 1999ರ ಆಗಸ್ಟ್‌ಗೆ ಹಿಂದಿರುಗಿತ್ತು. ಜಾಗ, ಗಂಟೆ, ಸೋಮವಾರವೋ ಮಂಗಳವಾರವೋ ಎಂಬುದು ಎಲ್ಲ ಸರಿಯಿತ್ತು, ತಾರೀಖು ಮಾತ್ರ ತಪ್ಪು. ಸರಿಪಡಿಸುವ ಅಪ್‌ಡೇಟ್ ಕೇಳಿದರೆ ಕಂಪನಿಯವರು ಆ ಮಾಡೆಲ್ ಬಿಟ್ಟಾಗಿದೆ ಅಂದರು. ನಕ್ಷೆಯನ್ನಂತೂ ನಾನು ಎರಡನೆಯದು ಕೊಳ್ಳುವ ಮೊದಲೇ ನಿಲ್ಲಿಸಿದ್ದರು. ಕೊಳ್ಳುವಾಗ ಡಬ್ಬಿ ಮೇಲೆ 'ಜೀವಮಾನದ ನಕ್ಷೆ' ಅಂತ ದಪ್ಪಕ್ಷರದಲ್ಲಿತ್ತು. ಯಾರ ಜೀವಮಾನ ಅಂತ ಸಣ್ಣಕ್ಷರದಲ್ಲಿ ಓದಬೇಕು: ಕಂಪನಿ ಆ ಮಾಡೆಲ್‌ಗೆ ನಕ್ಷೆ ಕೊಡುವಷ್ಟು ದಿನ ಮಾತ್ರ. ಇದು ನನಗೆ ಈಗಲೂ ನೋವಿನ ವಿಷಯ. ಗಟ್ಟಿಮುಟ್ಟಾದ ವಸ್ತು, ನಕ್ಷೆ ಇಲ್ಲದೆ ಮೂಲೆ ಸೇರಿತು. ಎರಡನೆಯದನ್ನು ಕೊಳ್ಳುವಾಗ ಹೊರಗಿನ ನಕ್ಷೆ ಹಾಕಲು ಬರುತ್ತದೆಯೇ ಅಂತ ಕೇಳಿಯೇ ತಂದೆ. ಈಗ ಅದರಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ಇದೆ. ಜನರೇ ಸೇರಿ ಬರೆಯುವ, ದುಡ್ಡಿಲ್ಲದ ನಕ್ಷೆ. ಕೆಲವು ತಾಂಡಾಗಳ ದಾರಿ ಕಂಪನಿ ನಕ್ಷೆಗಿಂತ ಇದರಲ್ಲೇ ಚೆನ್ನಾಗಿದೆ, ಕೆಲವು ಹಳ್ಳಿಗಳು ಇನ್ನೂ ಖಾಲಿ.

ಕೊಳ್ಳುವವರು ಅಂಗಡಿಯಲ್ಲಿ ಪರದೆ ಎಷ್ಟು ಇಂಚು ಅಂತ ನೋಡುವ ಮೊದಲು ಸೆಟ್ ಹಚ್ಚಿಸಿ. ನಿಮ್ಮ ಅಜ್ಜಿಯ ಊರನ್ನು ಹುಡುಕಿ. 2019ರ ನವೆಂಬರ್‌ನಲ್ಲಿ ಶುರುವಾದ ನಮ್ಮ ವಿಮಾನ ನಿಲ್ದಾಣ ಇದೆಯೇ ನೋಡಿ, ನಕ್ಷೆಯ ವಯಸ್ಸು ಅಲ್ಲೇ ಗೊತ್ತಾಗುತ್ತದೆ. ಐದು ಇಂಚಿನ ಪರದೆ ಸಾಕು. ಊರು ಬಿಟ್ಟು ಹೋಗದವರಿಗೆ, ತಿಂಗಳಿಗೊಮ್ಮೆ ಹೈದರಾಬಾದಿಗೆ ಹೋಗಿ ಬರುವವರಿಗೆ ಇದು ಬೇಡವೇ ಬೇಡ, ಸುಮ್ನೆ ಫೋನ್ ಬಳಸಿ.

ನನ್ನ ಈಗಿನ ಸೆಟ್‌ನ ಪರದೆಯ ಎಡಮೂಲೆ ಬೆರಳಿಗೆ ಓಗೊಡುತ್ತಿಲ್ಲ. ದೀಪಾವಳಿಯೊಳಗೆ ಮೂರನೆಯದು ತರಬೇಕು. ಈ ಸಲ ಅಂಗಡಿಗೆ ಹೋಗುವಾಗ 600 ಪಾಯಿಂಟ್‌ಗಳ ಜಿಪಿಎಕ್ಸ್ ಫೈಲನ್ನು (ಪಾಯಿಂಟ್‌ಗಳನ್ನು ಒಂದು ಸೆಟ್‌ನಿಂದ ಇನ್ನೊಂದಕ್ಕೆ ಒಯ್ಯುವ ಫೈಲು) ಮೆಮೊರಿ ಕಾರ್ಡಿನಲ್ಲಿ ಹಾಕಿಕೊಂಡು ಒಯ್ಯುತ್ತೇನೆ. ಅಂಗಡಿಯವರ ಎದುರೇ ಹಾಕಿ ನೋಡುತ್ತೇನೆ. ಆ ಬಾವಿಗಳೆಲ್ಲ ಪರದೆ ಮೇಲೆ ಬಂದರೆ ದುಡ್ಡು ಕೊಡುತ್ತೇನೆ.